ಅಪ್ಪ ಹಾಕದ ಸಹಿ, ಹಾಕಿದ ಸಹಿ

ಕೆಂಪು ಬಾಳೆಯನ್ನು ಹಣ್ಣಿಗೆ ಹಾಕಿದ ಕೋಣೆಯ ಬಾಗಿಲು ತೆರೆದಾಗ ಮೊದಲು ಬರುವುದು ಹಣ್ಣಿನ ವಾಸನೆಯಲ್ಲ, ಹೊಗೆಯದು. ಒಣಹುಲ್ಲು, ಬಾಗಿಲ ಸಂದಿಗೆ ಮೆತ್ತಿದ ಸಗಣಿ, ಒಳಗೇ ಎರಡು ದಿನ ಸುತ್ತಿ ದಣಿದ ಹೊಗೆ, ಇವೆಲ್ಲ ಮುಗಿದ ಮೇಲೆ ಎಲ್ಲೋ ಹಿಂದಿನಿಂದ ನಿಧಾನವಾಗಿ ಸಿಹಿ ಬರುತ್ತದೆ. ಮೊನ್ನೆ ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಆಟೋಗೆ ಕಾಯುತ್ತಿದ್ದಾಗ ಒಬ್ಬ ಮುದುಕ ತಳ್ಳುಗಾಡಿಯಲ್ಲಿ ಕಮಲಾಪುರದ ಕೆಂಪು ಬಾಳೆ ಇಟ್ಟುಕೊಂಡು ನಿಂತಿದ್ದ. ಈಗ ಎಲ್ಲರೂ ಕಾರ್ಬೈಡ್ ಪುಡಿ ಹಾಕಿಯೇ ಹಣ್ಣು ಮಾಡುತ್ತಾರೆಂಬ ಸಿಟ್ಟಿಗೆ ನಾನು ಆ ಗಾಡಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಈ ಗಾಡಿಯಿಂದ ಹೊಗೆಯ ವಾಸನೆ ಬಂತು. ಸುತ್ತ ಹಾರ್ನು, ಧೂಳು, ಸಿಟಿ ಬಸ್ಸು. ನಡುವೆ ರಿಟೈರ್ಮೆಂಟಿಗೆ ಬಂದ ಟೀಚರಮ್ಮ ನಾನು ಕಣ್ಣು ತುಂಬಿಕೊಂಡು ನಿಂತೆ. ಗಾಡಿಯವನು ಗಾಬರಿಯಾಗಿ, “ಕ್ಯಾ ಹುವಾ ಅಮ್ಮಾ, ತಬಿಯತ್ ಬರಾಬರ್ ಇಲ್ಲೇನ್ರೀ?” ಎಂದು ಕೇಳಿದ. ಏನು ಹೇಳಲಿ? ನಮ್ಮಪ್ಪನ ಅಂಗಿಯ ವಾಸನೆ ಬಂತು ಎನ್ನಲೇ? ಒಂದು ಡಜನ್ ಕೊಂಡು ಆಟೋ ಹತ್ತಿದೆ.

ಅಪ್ಪನ ಹೆಸರು ದೇವದಾನಪ್ಪ. ಕಮಲಾಪುರದಲ್ಲಿ ಒಬ್ಬ ಗೌಡರ ಬಾಳೆತೋಟದಲ್ಲಿ ಗೊನೆ ಕಡಿಯುವುದು, ಹಣ್ಣಿಗೆ ಹಾಕುವುದು, ಬಾಗಿಲು ಯಾವ ದಿನ ತೆಗೆಯಬೇಕೆಂದು ಹೇಳುವುದು ಅವನ ಕೆಲಸ. ಆ ಒಂದು ವಿಷಯದಲ್ಲಿ ಗೌಡರೂ ಅವನ ಮಾತು ಮೀರುತ್ತಿರಲಿಲ್ಲ. ಅವ್ವ ಎಷ್ಟು ತೊಳೆದರೂ ಅವನ ಅಂಗಿಯ ಹೊಗೆ ಹೋಗುತ್ತಿರಲಿಲ್ಲ, ಭಾನುವಾರ ಚರ್ಚಿಗೂ ಅವನ ಜೊತೆಗೇ ಬರುತ್ತಿತ್ತು. ಚರ್ಚು ಎಂದರೆ ನೀವು ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ನಾಲ್ಕು ಕಲ್ಲಿನ ಗೋಡೆ, ಮೇಲೆ ತಗಡು, ಹೊರಗೆ ಬೇವಿನ ಮರಕ್ಕೆ ತೂಗುಬಿಟ್ಟ ರೈಲುಕಂಬಿಯ ತುಂಡು. ಅದನ್ನು ಬಡಿದು ಜನರನ್ನು ಕರೆಯುವುದೂ ಅಪ್ಪನ ಪಾಲಿನದೇ. ನಮ್ಮ ಓಣಿಯ ಹತ್ತಿಪ್ಪತ್ತು ಮನೆಯವರು ಚಾಪೆ ಹಾಸಿಕೊಂಡು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುತ್ತಿದ್ದೆವು. ತಿಂಗಳಿಗೊಮ್ಮೆ ಪಾಸ್ಟರು ಕಲಬುರಗಿಯಿಂದ ಬಸ್ಸಿನಲ್ಲಿ ಬಂದು ಪ್ರಭು ಭೋಜನ, ಎಂದರೆ ಯೇಸುವಿನ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿರಸ, ಕೊಡುತ್ತಿದ್ದರು. ಅದಕ್ಕೆ ಬೇಕಾದ ರಸ ಮಾಡುವುದು ಅವ್ವನ ಪಾಳಿ. ಶನಿವಾರವೇ ಒಣದ್ರಾಕ್ಷಿ ನೆನೆಸಿ, ಭಾನುವಾರ ಬೆಳಿಗ್ಗೆ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಳದ ಪಾತ್ರೆಯಲ್ಲಿ ಒಯ್ಯುತ್ತಿದ್ದಳು. ಬಟ್ಟೆಯಲ್ಲಿ ಉಳಿದ ಹಿಂಡಿಗಾಗಿ ನಾನೂ ಅಕ್ಕನೂ ಜಗಳಾಡುತ್ತಿದ್ದೆವು, ಮತ್ತು ಪ್ರತಿ ಸಲ ಅಕ್ಕನೇ ಸೋತುಕೊಡುತ್ತಿದ್ದಳು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ರೂತ್ ಎಂದು ಹೆಸರು, ಊರವರ ಬಾಯಲ್ಲಿ ರೂತಮ್ಮ. ಅವಳಿಗೆ ನರ್ಸ್ ಆಗುವ ಹುಚ್ಚು. ಯಾರ ಮೊಣಕಾಲು ತರಚಿದರೂ ಓಣಿಯಲ್ಲಿ ಮೊದಲು ಕೂಗುತ್ತಿದ್ದದ್ದು ಅವಳನ್ನು. ಗಾಯವಾಗದ ದಿನಗಳಲ್ಲಿ ನನ್ನನ್ನೇ ಹೊರಸಿನ ಮೇಲೆ ಮಲಗಿಸಿ, ಹಳೆಯ ಧೋತರದ ಚೂರು ಹರಿದು ತಲೆಗೆ, ಮೊಣಕೈಗೆ, ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ಅವಳ ಬೆರಳು ತಣ್ಣಗೆ, ಹಗುರಾಗಿ ಇರುತ್ತಿದ್ದವು. ನಾನು ಸುಳ್ಳು ಸುಳ್ಳೇ ನರಳುತ್ತಿದ್ದೆ. ಸಂಜೆ ಕಂದೀಲು ಹಚ್ಚಿ ಮನೆಯವರೆಲ್ಲ ಪ್ರಾರ್ಥನೆಗೆ ಕೂತಾಗ ಅಪ್ಪ ಕೊನೆಯಲ್ಲಿ ಒಂದೇ ಮಾತು ಹೇಳುತ್ತಿದ್ದ: “ನಮ್ಮನ್ನ ನಿನ್ನ ಮಾತಿನಾಗ ಇಟ್ಕೋ ತಂದೆ.” ಆ ಮಾತಿನ ತೂಕ ಎಷ್ಟೆಂದು ಆಗ ನನಗೆ ಗೊತ್ತಿರಲಿಲ್ಲ. ಯಾವಾಗ ಆಮೆನ್ ಅನ್ನುತ್ತಾನೆ, ಯಾವಾಗ ರೊಟ್ಟಿ ಬಡಿಸುತ್ತಾರೆ ಎಂಬುದಷ್ಟೇ ನನ್ನ ಚಿಂತೆ.

ನಮ್ಮ ಓಣಿಯಲ್ಲಿ ಒಂದು ರೂಢಿಯಿತ್ತು. ಬಹಳ ಜನಕ್ಕೆ ಎರಡು ಹೆಸರು. ದೀಕ್ಷಾಸ್ನಾನದ ಹೆಸರು ಚರ್ಚಿಗೆ, ಇನ್ನೊಂದು ಶಾಲೆಯ ದಾಖಲೆಗೆ. ದಾಖಲೆಯಲ್ಲಿ ಧರ್ಮದ ಮುಂದೆ ಹಿಂದೂ ಎಂದೂ, ಜಾತಿಯ ಮುಂದೆ ನಮ್ಮ ಅಜ್ಜಂದಿರ ಜಾತಿಯನ್ನೂ ಬರೆಸಿದರೆ ಪರಿಶಿಷ್ಟರ ಸೀಟು ಸಿಗುತ್ತಿತ್ತು, ನೌಕರಿಯೂ ಸಿಗುತ್ತಿತ್ತು. ಕ್ರೈಸ್ತ ಎಂದು ಬರೆಸಿದರೆ ಆ ದಾರಿ ಮುಚ್ಚಿತು. ಅವ್ವನ ತಮ್ಮ, ನಮ್ಮ ಮಾಮಾ, ಚರ್ಚಿನಲ್ಲಿ ಸಮುವೇಲ, ಕಲಬುರಗಿಯ ಕಚೇರಿಯಲ್ಲಿ ಜವಾನ ಶಿವರಾಯ. ಕ್ರಿಸ್ಮಸ್ಸಿಗೆ ಬಂದು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದದ್ದೂ ಅವನೇ. ಇದನ್ನು ಯಾರೂ ಪಾಪ ಎಂದುಕೊಂಡಿರಲಿಲ್ಲ. ಎಂದುಕೊಳ್ಳಬೇಕಾದರೂ ಯಾಕೆ? ತಲೆಗೆ ನೀರು ಹಾಕಿಸಿಕೊಂಡ ಮಾತ್ರಕ್ಕೆ ಬಸ್ ಸ್ಟ್ಯಾಂಡಿನ ಚಹದಂಗಡಿಯಲ್ಲಿ ನಮಗೆ ಬೇರೆ ಇಟ್ಟಿದ್ದ ಕಪ್ಪು ಎಲ್ಲರ ಕಪ್ಪಿನ ಜೊತೆ ಸೇರಿತ್ತೇ? ಸೇರಿರಲಿಲ್ಲ. ಆದರೆ ಅಪ್ಪ ಮಾತ್ರ ನಮ್ಮಿಬ್ಬರನ್ನು ಶಾಲೆಗೆ ಸೇರಿಸುವಾಗ ಧರ್ಮದ ಮುಂದೆ ಕ್ರೈಸ್ತ ಎಂದೇ ಬರೆಸಿದ್ದ.

ಎಂಬತ್ತರ ದಶಕದ ಆರಂಭ. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದಳು, ಅದೂ ಶಾಲೆಗೇ ಎರಡನೆಯವಳಾಗಿ. ಫಲಿತಾಂಶ ಬಂದ ವಾರದಲ್ಲೇ ಹೆಡ್ ಮಾಸ್ತರರು ತಾವಾಗಿ ನಮ್ಮ ಓಣಿಗೆ ನಡೆದು ಬಂದರು. ಒಳ್ಳೆಯ ಮನುಷ್ಯ, ಅಕ್ಕನೆಂದರೆ ಅವರಿಗೆ ಜೀವ. ಹೊರಸಿನ ಮೇಲೆ ಕೂತು, ಕಿಸೆಯಿಂದ ಒಂದು ಅರ್ಜಿ ತೆಗೆದು ಬಿಡಿಸಿದರು. ನರ್ಸಿಂಗ್ ತರಬೇತಿಗೆ ಅಕ್ಕನ ಹೆಸರು ಖಂಡಿತ ಬರುತ್ತದೆ, ಆದರೆ ಪರಿಶಿಷ್ಟರ ಸೀಟಿನಲ್ಲಿ ಮಾತ್ರ. ದಾಖಲೆ ತಿದ್ದುವ ಕೆಲಸ ತಾವು ನೋಡಿಕೊಳ್ಳುವುದಾಗಿಯೂ, ನಾವು ಹಿಂದೂಗಳೆಂದು ಬರೆದ ಆ ಅರ್ಜಿಗೆ ತಂದೆಯ ಸಹಿ ಒಂದಿದ್ದರೆ ಸಾಕೆಂದೂ ಹೇಳಿದರು. ಅವ್ವ ಒಳಗಿನಿಂದ ಚಹಾ ತಂದಳು. “ಬ್ಯಾಡವ್ವ, ಈಗೇ ಕುಡುದು ಬಂದೀನಿ” ಎಂದು ಅವರು ಕೈಯಾಡಿಸಿದರು. ಅವರು ನಮ್ಮ ಮನೆಯಲ್ಲಿ ಎಂದೂ ಕುಡಿಯುತ್ತಿರಲಿಲ್ಲ, ನಮಗೂ ಗೊತ್ತಿತ್ತು, ಅವ್ವ ಆದರೂ ತರುತ್ತಿದ್ದಳು. ಅಪ್ಪ ಅರ್ಜಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಒಂದೊಂದೇ ಸಾಲಿನ ಕೆಳಗೆ ಬೆರಳು ಓಡಿಸಿ ಓದಿದ. ಓದಿ ಮಡಚಿ, ಎರಡೂ ಕೈಯಿಂದ ಹಿಂದಕ್ಕೆ ಚಾಚಿದ.

“ನನ್ನಿಂದ ಆಗಲ್ರೀ ಸರ.”

“ದೇವದಾನಪ್ಪ, ಒಂದು ಕಾಗದದ ಮಾತು ಇದು. ನಿನ್ನ ದೇವರೇನು ಶಾಲಿ ರಿಜಿಸ್ಟರ್ ಓದ್ಲಾಕ ಕುಂತಾನೇನು?”

“ಆತ ಓದ್ತಾನೋ ಇಲ್ಲೋ ನನಗ ಗೊತ್ತಿಲ್ರೀ. ನಾ ಓದೀನಲ್ರೀ.”

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅಳಲಿಲ್ಲ. ಅವ್ವ ಅತ್ತಳು, ನಾನು ಅವ್ವನನ್ನು ನೋಡಿ ಅತ್ತೆ. ಮರುದಿನ ಸುದ್ದಿ ತಿಳಿದ ಮಾಮಾ ಕಲಬುರಗಿಯಿಂದ ಓಡಿ ಬಂದು, “ಮಗಳ ಕೊರಳಿಗಿ ಕಲ್ಲು ಕಟ್ಟಿ ನೀ ಸ್ವರ್ಗಕ್ಕ ಹೋಗ್ತಿ ಏನು ಭಾವ?” ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದ. ಅಪ್ಪ ತಲೆ ತಗ್ಗಿಸಿಕೊಂಡು ತೋಟಕ್ಕೆ ಹೋದ. ಅಕ್ಕ ಸಾಮಾನ್ಯ ಸೀಟಿಗೆ ಅರ್ಜಿ ಹಾಕಿದಳು, ಸಿಗಲಿಲ್ಲ. ಮುಂದಿನ ತಿಂಗಳು ಪಾಸ್ಟರು ಬಂದಾಗ, ಯಾಕೋ, ಬೈಬಲಿನಲ್ಲಿ ದೇವರ ಮಾತಿಗೆ ಮಗನನ್ನೇ ಬಲಿ ಕೊಡಲು ಬೆಟ್ಟ ಹತ್ತಿದ ತಂದೆಯ ಪ್ರಸಂಗವನ್ನೇ ಎತ್ತಿಕೊಂಡರು. ವಿಧೇಯತೆ ಎಂದರೆ ಇದು ಎಂದು ಎಲ್ಲರೂ ತಲೆದೂಗಿದರು, ಕೆಲವರು ಅಪ್ಪನ ಕಡೆ ನೋಡಿಯೇ ತಲೆದೂಗಿದರು. ನನಗೆ ಹನ್ನೊಂದು ವರ್ಷ. ಅಲ್ಲಿ ಕಡೇ ಗಳಿಗೆಗೆ ಮಗನ ಬದಲಿಗೆ ಬಲಿ ಕೊಡಲು ಪೊದೆಯಲ್ಲಿ ಒಂದು ಟಗರು ಸಿಕ್ಕಿತಂತೆ, ನಮ್ಮ ಮನೆಗೆ ಯಾವ ಟಗರೂ ಬರಲಿಲ್ಲವಲ್ಲ ಎಂದು ಉರಿದುಹೋದೆ. ಅಂದಿನಿಂದ ನನಗೂ ಅಪ್ಪನಿಗೂ ನಡುವೆ ಮಾತು ಕಡಿಮೆಯಾಯಿತು. ಅವನು ಕರೆದರೆ ಓಗೊಡುತ್ತಿದ್ದೆ, ಅಷ್ಟೇ.

ಎರಡು ವರ್ಷ ಮನೆಯಲ್ಲಿದ್ದ ಅಕ್ಕ ಆಮೇಲೆ ಕಲಬುರಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಆಗಿ ಸೇರಿದಳು. ಕುಸನೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಆಗ ಕುಸನೂರು ಇನ್ನೂ ಹಳ್ಳಿ, ಸುತ್ತ ತೊಗರಿ ಹೊಲ. ಮದುವೆಯ ಮಾತು ಎರಡು ಮೂರು ಸಲ ಬಂದು ಹೋಯಿತು, ಅವಳು ಮನಸ್ಸು ಮಾಡಲಿಲ್ಲ. ನಾನು ಪಿಯುಸಿಗೆ ಅವಳ ಕೋಣೆಯಲ್ಲೇ ಉಳಿದೆ. ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ಕೈಯನ್ನು ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದಳು, ಕೆಲಸದ ಬಗ್ಗೆ ಒಂದು ದೂರೂ ಹೇಳುತ್ತಿರಲಿಲ್ಲ. ನನಗೆ ಪಿಯುಸಿ ಎರಡನೇ ವರ್ಷ ನಡೆದಾಗ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು, ಅದೇ ದವಾಖಾನೆಯಲ್ಲಿ. ಹತ್ತು ದಿನ ಅವನು ಆ ವಾರ್ಡಿನಲ್ಲಿ ಮಲಗಿದ್ದ. ಬಿಳಿ ಟೊಪ್ಪಿಗೆಯ ನರ್ಸುಗಳು ಅವನ ನಾಡಿ ಹಿಡಿದು ನೋಡಿ ಹೋಗುತ್ತಿದ್ದರು. ಅವರಲ್ಲಿ ಒಬ್ಬಳು ಕಮಲಾಪುರ ಶಾಲೆಯಲ್ಲಿ ಅಕ್ಕನ ಹಿಂದಿನ ಬೆಂಚಿನವಳು. ಅವರ ಹಿಂದೆ ಅಕ್ಕ, ಬಕೇಟು ಮತ್ತು ಕಸಬರಿಗೆ ಹಿಡಿದು, ಮಂಚದ ಕೆಳಗಿನ ಮಲದ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದಳು. ಅಪ್ಪನದನ್ನೂ ಅವಳೇ ಎತ್ತಿದಳು. ಅವನು ಅವಳನ್ನು ಆಯಾಗಳ ನೀಲಿ ಸೀರೆಯಲ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಊಟದ ಡಬ್ಬಿ ಒಯ್ದಾಗೆಲ್ಲ ಅವನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ.

ಮರುವರ್ಷ ನನ್ನ ಸರದಿ. ಶಿಕ್ಷಕಿಯ ತರಬೇತಿಗೆ ಅರ್ಜಿ ಹಾಕಬೇಕಿತ್ತು. ಅಕ್ಕನ ಅರ್ಜಿಯಲ್ಲಿದ್ದ ಅದೇ ಖಾನೆ, ಅದೇ ಪ್ರಶ್ನೆ. ನನ್ನ ಹೆಸರು ಸುಶೀಲಾ, ಎರಡೂ ಕಡೆ ಸಲ್ಲುವ ಹೆಸರು, ಅದನ್ನು ಬದಲಿಸುವ ಗೋಜು ಕೂಡ ಇರಲಿಲ್ಲ. ಅಪ್ಪನನ್ನು ಕೇಳುವುದೇ ಬೇಡ, ಮುರಿದು ಬಿದ್ದರೂ ಕೇಳಬಾರದು ಎಂದು ಹಲ್ಲು ಕಚ್ಚಿ ಕೂತಿದ್ದೆ. ಅವನೇ ಒಂದು ದಿನ ಬೆಳಗಿನ ಬಸ್ಸಿಗೆ ಕುಸನೂರಿಗೆ ಬಂದ. ಒಗೆದ ಧೋತರ, ತಲೆಗೆ ರುಮಾಲು, ಅಂಗಿಯ ಕಿಸೆಯಲ್ಲಿ ಹೊಸ ಪೆನ್ನು. “ಎಲ್ಲದ ಸುಶಿ ನಿನ್ನ ಕಾಗದ?” ಎಂದ. ಅಕ್ಕ ಡ್ಯೂಟಿಗೆ ಹೊರಟವಳು ಜಡೆ ಹೆಣೆಯುತ್ತಾ ಹಾಗೆಯೇ ನಿಂತುಬಿಟ್ಟಳು. ನಾನು ಅರ್ಜಿ ಕೊಟ್ಟೆ. ಹಿಂದಿನಂತೆಯೇ ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು, ಈ ಸಲ ಗಟ್ಟಿಯಾಗಿ ಓದಿದ. ಹಿಂದೂ ಎಂಬ ಕಡೆ ಬೆರಳು ನಿಂತಿತು, ಮತ್ತೆ ಮುಂದೆ ಹೋಯಿತು. ಕೆಳಗೆ ಸಹಿ ಹಾಕಿದ. “ಒಬ್ಬಾಕಿ ಸಾಕು” ಎಂದ, ಅಷ್ಟೇ. ಅಕ್ಕ ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ನಂತರ ಚಪ್ಪಲಿ ಮೆಟ್ಟಿ ಹೊರಟುಹೋದಳು. ನನಗೋ, ಗೆದ್ದೆ ಎಂಬ ಖುಷಿ! ಅಪ್ಪನಿಗೆ ಒಂದು ಲೋಟ ನೀರು ಕೊಡುವುದೂ ಮರೆತೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ತಿಂಗಳ ಪ್ರಭು ಭೋಜನದ ಭಾನುವಾರ ನಾನು ಕಮಲಾಪುರದಲ್ಲೇ ಇದ್ದೆ. ಅಪ್ಪ ಎಂದಿನಂತೆ ಕಂಬಿ ಬಡಿದ, ಒಳಗೆ ಬಂದ, ಆದರೆ ಮುಂದಿನ ಚಾಪೆಗೆ ಹೋಗದೆ ಬಾಗಿಲ ಪಕ್ಕ ಕೂತ. ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ, ರಸ ತೆಗೆದುಕೊಂಡರು. ಅಪ್ಪ ಏಳಲಿಲ್ಲ. ಪಾಸ್ಟರು ಒಮ್ಮೆ ಕೊರಳೆತ್ತಿ ನೋಡಿ, ಕಾದು, ಮುಂದುವರಿಸಿದರು. ಅದರ ಮುಂದಿನ ತಿಂಗಳೂ ಅಷ್ಟೇ. ಆಮೇಲೆ ಅದೇ ಅಭ್ಯಾಸವಾಯಿತು. ಯಾರೂ ಅವನಿಗೆ ಬೇಡವೆಂದಿರಲಿಲ್ಲ. ಚರ್ಚಿನಲ್ಲಿ ಅರ್ಧಕ್ಕರ್ಧ ಜನ ಅಂಥದೇ ಕಾಗದದ ಅನ್ನ ಉಣ್ಣುತ್ತಿದ್ದರು, ಉಂಡು ಮುಂದೆ ಹೋಗುತ್ತಿದ್ದರು. ಪಾಸ್ಟರು ಕೂಡ ಮನೆಗೆ ಬಂದು ದೇವರು ದಯಾಳು ಎಂದು ಎರಡು ತಾಸು ಹೇಳಿದರು. ಅಪ್ಪ, “ಆತ ದಯಾಳು ಇದ್ದಾನಂತ ನಾ ದುರುಪಯೋಗ ಮಾಡಬಾರದ್ರೀ” ಎಂದು ಮುಗಿಸಿಬಿಟ್ಟ. ಅವ್ವ ಮಾತ್ರ ತಪ್ಪದೆ ಶನಿವಾರ ದ್ರಾಕ್ಷಿ ನೆನೆಸುತ್ತಿದ್ದಳು. ಗಂಡ ಮುಟ್ಟದ ರಸವನ್ನು ಊರಿಗೆಲ್ಲ ಸೋಸಿ ಕೊಡುತ್ತಾ ಅವಳು ಏನು ಯೋಚಿಸುತ್ತಿದ್ದಳೋ ನಾನು ಕೇಳಲಿಲ್ಲ. ಕೇಳುವುದರೊಳಗೆ ಅವಳೇ ಹೋದಳು.

ನನಗೆ ಸೀಟು ಸಿಕ್ಕಿತು, ನೌಕರಿ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ಅಪ್ಪ ಕೈಲಾಗುವವರೆಗೆ ತೋಟದಲ್ಲಿ ದುಡಿದು, ಕೊನೆಯ ಕೆಲವು ತಿಂಗಳು ಅಕ್ಕನ ಕುಸನೂರು ಕೋಣೆಯಲ್ಲಿ ಮಲಗಿದ. ಅಷ್ಟರಲ್ಲಿ ತೊಗರಿ ಹೊಲಗಳೆಲ್ಲ ಪ್ಲಾಟುಗಳಾಗಿದ್ದವು. ಕಮಲಾಪುರದ ನಮ್ಮ ಮನೆಯ ಮಾಡು ಕುಸಿದಿತ್ತು, ಅಪ್ಪ ಬಡಿಯುತ್ತಿದ್ದ ಕಂಬಿ ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಪಾಸ್ಟರು ಅಕ್ಕನ ಕೋಣೆಗೇ ಪ್ರಭು ಭೋಜನ ತಂದರು. ಎರಡು ಸಲ ಅಪ್ಪ ಬಾಯಿ ಮುಚ್ಚಿ ಮುಖ ತಿರುಗಿಸಿದ. ಮೂರನೆಯ ಸಲ, ಒಂದು ಭಾನುವಾರ ಮಧ್ಯಾಹ್ನ, ನಾನು ಬರುವಷ್ಟರಲ್ಲಿ ಅಕ್ಕ ಅವನ ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿ ಹಿಡಿದಿದ್ದಳು. ಪಾಸ್ಟರು ಲೋಟ ಚಾಚಿದರು, ಅಕ್ಕ ಅದನ್ನು ಅವನ ತುಟಿಗೆ ಹಿಡಿದಳು, ಅವನು ಕುಡಿದ. ಹದಿಮೂರು ಹದಿನಾಲ್ಕು ವರ್ಷದ ಮೇಲೆ. ಕೊನೆಗೂ ಪಾಸ್ಟರರ ಪ್ರಾರ್ಥನೆ ಫಲಿಸಿತೆಂದು ನಾನು ಕಣ್ಣೊರೆಸಿಕೊಂಡೆ. ಬುಧವಾರ ಅಪ್ಪ ತೀರಿಕೊಂಡ.

ಮಣ್ಣು ಮಾಡಿ ತಿಂಗಳಾದ ಮೇಲೆ ಅವನ ಟ್ರಂಕು ತೆಗೆದೆವು. ಎರಡು ಧೋತರ, ರುಮಾಲು, ಕನ್ನಡಕ, ಮತ್ತು ಅಡಿಯಲ್ಲಿ ಮಡಚಿಟ್ಟ ಅಕ್ಕನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದನ್ನು ನೋಡಿದ್ದೇ ಹನ್ನೊಂದು ವರ್ಷದ ಹುಡುಗಿಯ ಸಿಟ್ಟೆಲ್ಲ ನನ್ನ ಬಾಯಿಗೆ ಬಂತು. ಸತ್ತವನೆಂದೂ ನೋಡಲಿಲ್ಲ. ಇಷ್ಟು ಅಂಕ ತೆಗೆದವಳನ್ನು ಮಲ ಎತ್ತಲು ಹಚ್ಚಿದ, ತನ್ನ ದೇವರಿಗಾಗಿ ನಿನ್ನ ಬಾಳು ಹಾಳು ಮಾಡಿದ ಎಂದು ಕಿರುಚಿದೆ. ಅಕ್ಕ ಧೋತರದ ಮಡಿಕೆ ಸರಿ ಮಾಡುತ್ತಾ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು.

“ಅಪ್ಪ ಹಾಳು ಮಾಡಿಲ್ಲ ಸುಶಿ. ಕಾಗದ ನನ್ನ ಕೈಗಿ ಬಂದಿತ್ತು. ಅಪ್ಪ ಒಲ್ಲೆ ಅಂದ ಮ್ಯಾಲ ಮಾಮಾ ಪಾಲಕ ಅಂತ ಸಹಿ ಹಾಕಿದ್ದ. ಹೆಡ್ ಮಾಸ್ತರ್ರು ನನ್ನ ಶಾಲಿಗಿ ಕರ್ಸಿ ಕೊಟ್ರು, ನಿಮ್ಮಪ್ಪಗ ಹೇಳಬ್ಯಾಡ, ಸುಮ್ಮನ ಆಫೀಸಿಗಿ ಒಯ್ದು ಕೊಡು ಅಂದ್ರು. ಮೂರು ದಿನ ಚೀಲದಾಗ ಇಟ್ಕೊಂಡು ತಿರುಗಿದೆ. ನಾಕನೇ ದಿನ ಅವರಿಗೇ ಹೊಳ್ಳಿ ಕೊಟ್ಟು ಬಂದೆ.”

“ಅಪ್ಪಗ ಅಂಜಿ?” ಎಂದೆ.

“ಅಪ್ಪಗಲ್ಲ.”

ಹೊರಗೆ ಯಾರೋ ನಲ್ಲಿಯ ಕೆಳಗೆ ಕೊಡ ಇಟ್ಟ ಸದ್ದಾಯಿತು. ಅಕ್ಕ ಎರಡನೆಯ ಧೋತರ ಕೈಗೆತ್ತಿಕೊಂಡಳು. “ದವಾಖಾನಿಂದ ಹೋದ ಮ್ಯಾಲ ಅಪ್ಪ ನನ್ನ ಹೆಸರು ತಗೊಂಡು ಅಳ್ತಿದ್ನಂತ, ಅವ್ವ ಹೇಳಿದ್ಳು. ನಾನೇ ಆಕಿ ಬಾಳು ಕೆಡಿಸಿದೆ ಅಂತಿದ್ನಂತ. ಆವಾಗೇ ಹೇಳಬೇಕಿತ್ತು, ಕಾಗದ ನಾನೇ ಬಿಟ್ಟೀನಿ ಅಂತ. ಹೇಳಿದ್ರ ನಿನ್ನ ಕಾಗದಕ್ಕ ಸಹಿ ಹಾಕ್ತಿದ್ದಿಲ್ಲ ಅಂವ. ನಾ ಹೋದ ದಾರಿ ನನಗ ನಡೀತು, ನಿನಗ ಬ್ಯಾಡ ಅನ್ನಿಸ್ತು. ಬಾಯಿ ಮುಚ್ಕೊಂಡೆ. ಅಪ್ಪಗ ಅಷ್ಟು ವರ್ಷ ಪ್ರಭುವಿನ ಊಟ ತಪ್ಪಿಸಿದಾಕಿ ನಾನೇ.” ನಾನು ಅವಳ ಕೈ ಹಿಡಿದುಕೊಂಡೆ. ಸಾಬೂನು, ಫಿನಾಯಿಲಿಗೆ ಸುಲಿದು ಒರಟಾದ ಕೈ.

ಕಡೆಗಾದರೂ ಅವನಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದ್ದಳು, ಆ ಕಡೆಯ ಭಾನುವಾರ, ಪಾಸ್ಟರು ಬರುವುದಕ್ಕೆ ಸ್ವಲ್ಪ ಮುಂಚೆ. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, “ಹಂಗಾದ್ರ ನೀನರೇ ನನ್ನ ಕೈಗೆ ಸಿಕ್ಕು ಹಾಳಾಗಿಲ್ಲ” ಎಂದನಂತೆ. ಇನ್ನೂ ಒಂದು ಮಾತು ಹೇಳಿದ್ದ. “ಸುಶಿಗಿ ಹೇಳಬ್ಯಾಡ. ಉಣ್ಣೋ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ ಆಕಿಗಿ.”

“ಒಂದೂ ಮಾತು ಮೀರಿದ್ದಿಲ್ಲ ಅಪ್ಪಂದು. ಇವತ್ತು ಮೀರೀನಿ” ಎಂದಳು ಅಕ್ಕ. “ನೀ ಅವನ್ನ ಬೈಯೋದು ನನಗ ಕೇಳ್ಲಾಕ ಆಗಲಿಲ್ಲ.”

ಅವಳಿಗೆ ಎರಡು ಗಂಟೆಗೆ ಡ್ಯೂಟಿ ಇತ್ತು. ಎದ್ದು ಮುಖ ತೊಳೆದು, ಆಯಾಗಳ ನೀಲಿ ಸೀರೆ ಉಟ್ಟು, ಅಂಕಪಟ್ಟಿಯನ್ನು ಮೊದಲಿದ್ದಲ್ಲೇ ಇಟ್ಟು ಟ್ರಂಕು ಮುಚ್ಚಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ, ಉಂಡು ಹೋಗು” ಎಂದು ಹೇಳಿ ಹೋದಳು. ನಾನು ಒಬ್ಬಳೇ ಕೂತು ತಟ್ಟೆ ಎಳೆದುಕೊಂಡೆ. ಅಪ್ಪ ಅಂದದ್ದು ನಿಜ, ಗಂಟಲಲ್ಲಿ ಇಳಿಯಲಿಲ್ಲ. ಒಂದೊಂದು ತುತ್ತಿಗೂ ನೀರು ಕುಡಿದು, ಅಕ್ಕ ಮುಚ್ಚಿಟ್ಟದ್ದನ್ನು ಒಂದು ಚೂರೂ ಬಿಡದೆ ಉಂಡೆ.